ಕೋಳಿಗೆ ಮೊಟ್ಟೆ ಒಳಗೇ ಸಿಕ್ಕಿಕೊಂಡರೆ ಮನೆಯಲ್ಲಿ ಏನು ಮಾಡಬಹುದು?

ರಾಯಚೂರಿನಲ್ಲಿ ಸಾಕಿದ ಜವಾರಿ ಕೋಳಿ ಬಾಲ ಇಳಿಬಿಟ್ಟು ತಿಣುಕುತ್ತಿದೆ, ಮೊಟ್ಟೆ ಬರುತ್ತಿಲ್ಲ, ಮನೆಮದ್ದು ಇದೆಯಾ ಅಂತ ಕೇಳಿದ್ದೀರಿ.

ಮೊದಲು ಹೊಟ್ಟೆಯ ಹಿಂಭಾಗ ಮೆಲ್ಲಗೆ ಮುಟ್ಟಿ ನೋಡಿ. ಗಟ್ಟಿ ಮೊಟ್ಟೆ ಕೈಗೆ ತಾಕಿದರೆ ಅಗಲ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಹಿಂಭಾಗ ಮುಳುಗುವಂತೆ 15-20 ನಿಮಿಷ ಕೂರಿಸಿ. ಒರೆಸಿ, ಮೊಟ್ಟೆ ಬರುವ ಜಾಗಕ್ಕೆ ಕೊಬ್ಬರಿ ಎಣ್ಣೆ ಸವರಿ, ಕತ್ತಲೆ ಇರುವ ಮೂಲೆಯಲ್ಲಿ ಸುಮ್ನೆ ಬಿಡಿ. ಕುಡಿಯಲು ನೀರು ಇರಲಿ. ಹೊಟ್ಟೆ ಒತ್ತಿ ಹೊರತೆಗೆಯಲು ಮಾತ್ರ ಹೋಗಬೇಡಿ. ಮೊಟ್ಟೆ ಒಳಗೆ ಒಡೆದರೆ ಸೋಂಕಾಗಿ ಕೋಳಿ ಸಾಯಬಹುದು.

ಹೊಟ್ಟೆ ನೀರಿನ ಚೀಲದ ಹಾಗೆ ಊದಿದ್ದರೆ ಕಥೆ ಬೇರೆ. ಮೊಟ್ಟೆಯ ಹಳದಿ ಭಾಗ ಹೊಟ್ಟೆಯೊಳಗೆ ಬಿದ್ದು ಸೋಂಕಾಗಿರಬಹುದು. ಅದಕ್ಕೆ ಅರಿಶಿನ, ಬೆಳ್ಳುಳ್ಳಿ ಸಾಲದು. ಆವತ್ತೇ ದನದ ದವಾಖಾನೆಗೆ ಒಯ್ಯಿರಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಸ್ನಾನ ಮಾಡಿಸಿದ ಮೇಲೂ ಕೆಲವು ಗಂಟೆಯಲ್ಲಿ ಮೊಟ್ಟೆ ಬರದಿದ್ದರೂ ಅಷ್ಟೇ.

ನಮ್ಮ ಕಡೆಯ ಬಿಸಿಲು ಗೊತ್ತಲ್ವಾ? ಸೆಕೆಗೆ ಕೋಳಿ ಮೇವು ಕಡಿಮೆ ತಿನ್ನುತ್ತದೆ, ಜಾಸ್ತಿ ಏದುಸಿರು ಬಿಡುತ್ತದೆ, ಮೊಟ್ಟೆಯ ಚಿಪ್ಪು ತೆಳ್ಳಗಾಗುತ್ತದೆ, ಅಂಥ ಮೊಟ್ಟೆ ಒಳಗೇ ಸಿಕ್ಕಿಕೊಳ್ಳಬಹುದು. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಕಪ್ಪೆಚಿಪ್ಪಿನ ಚೂರು ಬೇರೆ ಬಟ್ಟಲಲ್ಲಿ ಇಡಿ, ಬೇಕಾದಷ್ಟು ಅದೇ ತಿನ್ನುತ್ತದೆ.

ಡಾಕ್ಟರು ಔಷಧಿ ಕೊಟ್ಟರೆ, ಮೊಟ್ಟೆ ಎಷ್ಟು ದಿನ ತಿನ್ನಬಾರದು ಅಂತಲೂ ಕೇಳಿಕೊಳ್ಳಿ.