ಸಾಮಾನು ತುಂಬಿದ ಮನೆಗೆ ಎಂಥ ಡಬ್ಬಗಳನ್ನು ಕೊಳ್ಳಬೇಕು?

ಮನೆಯಲ್ಲಿ ಕಾಲಿಡಲು ಜಾಗವಿಲ್ಲ, ಅಟ್ಟಕ್ಕೂ ಕಪಾಟುಗಳಿಗೂ ಹೊಂದುವಂತೆ ಯಾವ ಅಳತೆಯ ಡಬ್ಬಗಳನ್ನು ಎಷ್ಟು ಕೊಳ್ಳಲಿ ಎಂದು ಕೇಳಿದ್ದೀರಿ. ದಯವಿಟ್ಟು ಸದ್ಯಕ್ಕೆ ಒಂದನ್ನೂ ಕೊಳ್ಳಬೇಡಿ. ಐದು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ ಬಂದವನು ನಾನು.

ಅಟ್ಟದ ಉದ್ದ, ಅಗಲ, ಎತ್ತರಗಳನ್ನು ಅಳೆದು, ಕಾಗದದ ಮೇಲೆ ನಕ್ಷೆ ಬರೆದು, ಅಲ್ಲಿ ಸರಿಯಾಗಿ 24 ಡಬ್ಬಗಳು ಹಿಡಿಯುತ್ತವೆಂದು ಲೆಕ್ಕ ಹಾಕಿ, ಒಂದೇ ಅಳತೆಯ, ಒಂದೇ ಬೂದು ಬಣ್ಣದ, ಒಳಗಿರುವುದು ಹೊರಗೆ ಕಾಣದಂಥ ಡಬ್ಬಗಳನ್ನು ತಂದೆ. ಮೊದಲು ಬೇಡದ್ದನ್ನು ತೆಗೆಯೋಣ, ಡಬ್ಬದ ಮಾತು ಆಮೇಲೆ ಎಂದು ಹೆಂಡತಿ ಹೇಳಿದ್ದಳು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ನನ್ನ ಸ್ವಭಾವ ಆಕೆಗೆ ಹೊಸದಾಗಿರಲಿಲ್ಲ. ಎರಡು ದಿನಗಳಲ್ಲಿ ಎಲ್ಲವೂ ಡಬ್ಬ ಸೇರಿತು; ಪ್ರತಿಯೊಂದರ ಮೇಲೂ ಸಂಖ್ಯೆ ಬರೆದು, ಯಾವುದರಲ್ಲಿ ಏನಿದೆಯೆಂಬುದನ್ನು ಒಂದು ನೋಟುಪುಸ್ತಕದಲ್ಲಿ ದಾಖಲಿಸಿದೆ. ಮನೆ ಲಕ್ಷಣವಾಗಿ ಕಂಡಿತು. ಬಂದವರೆಲ್ಲ ಹೊಗಳಿದರು.

ನನ್ನ ತಪ್ಪನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮಾಡುವಾಗ ಅದು ತಪ್ಪೆಂದು ಅನ್ನಿಸುವುದೇ ಇಲ್ಲ. ಡಬ್ಬ ಮೊದಲೇ ಬಂದು ಕುಳಿತರೆ ಯಾವುದರ ಜೊತೆ ಯಾವುದು ಇರಬೇಕೆಂಬುದನ್ನು ಅದರ ಅಳತೆಯೇ ನಿರ್ಧರಿಸತೊಡಗುತ್ತದೆ. ಹಳೆಯ ಚಾರ್ಜರುಗಳನ್ನು ಹಾಕಿದ ಮೇಲೂ ಕಾಲುಭಾಗ ಖಾಲಿ ಉಳಿಯಿತೆಂದು ಅದೇ ಡಬ್ಬಕ್ಕೆ ಟಾರ್ಚನ್ನು ಹಾಕಿದೆ. ಟಾರ್ಚಿನ ಪಕ್ಕದಲ್ಲಿ ಸಂದು ಕಂಡಿತೆಂದು ಬಿಲ್ಲುಗಳನ್ನಿಟ್ಟಿದ್ದ ಪ್ಲಾಸ್ಟಿಕ್ ಲಕೋಟೆಯನ್ನು ತುರುಕಿದೆ. ವಾರಕ್ಕೊಮ್ಮೆ ಬೇಕಾಗುವ ವಸ್ತುವೂ ಎಂದೆಂದಿಗೂ ಬೇಡದ ವಸ್ತುವೂ ಒಂದೇ ಮುಚ್ಚಳದಡಿ ಸೇರಿದವು. ಡಬ್ಬಗಳನ್ನು ಮೂರು ಮೂರಾಗಿ ಪೇರಿಸಿದ್ದರಿಂದ ಅಡಿಯಲ್ಲಿದ್ದುದನ್ನು ತೆಗೆಯಲು ಏಣಿಯ ಮೇಲೆ ನಿಂತು ಮೇಲಿನೆರಡನ್ನು ಇಳಿಸಬೇಕಾಗಿತ್ತು. ಆ ಶ್ರಮಕ್ಕೆ ಅಂಜಿ, ಒಮ್ಮೆ ತೆಗೆದದ್ದನ್ನು ಕೈಗೆ ಸಿಕ್ಕ ಡಬ್ಬದಲ್ಲಿ ಹಾಕಿಬಿಡುತ್ತಿದ್ದೆವು. ಮೂರು ತಿಂಗಳಾಗುವಷ್ಟರಲ್ಲಿ ನೋಟುಪುಸ್ತಕಕ್ಕೂ ಅಟ್ಟಕ್ಕೂ ಸಂಬಂಧವೇ ಉಳಿದಿರಲಿಲ್ಲ. (ಕೊನೆಗೆ ಆ ಪುಸ್ತಕವೂ ಯಾವುದೋ ಡಬ್ಬದ ಪಾಲಾಯಿತು.) ಇವೆಲ್ಲಕ್ಕೂ ಮೂಲವಾದ ದೋಷವೆಂದರೆ, 24 ಡಬ್ಬಗಳು ಬಾಯಿ ತೆರೆದು ಕಾದಿದ್ದುದರಿಂದ ಯಾವ ವಸ್ತುವನ್ನು ಎತ್ತಿಕೊಂಡಾಗಲೂ ಇದು ಬೇಕೇ ಎಂದು ಕೇಳಿಕೊಳ್ಳುವ ಪ್ರಸಂಗ ನನಗೆ ಬರಲಿಲ್ಲ. ಇದಕ್ಕೆ ಜಾಗವಿದೆಯೇ ಎಂದಷ್ಟೇ ಕೇಳಿಕೊಂಡೆ. ಜಾಗ ಹೇಗೂ ಇತ್ತು.

ಬಟ್ಟೆ ಒಗೆಯುವ ಯಂತ್ರದ ಮೋಟಾರು ಕೊಂಡ 22ನೇ ತಿಂಗಳಲ್ಲಿ ಕೆಟ್ಟುಹೋಯಿತು. ಎರಡು ವರ್ಷಗಳ ವಾರಂಟಿ ಇನ್ನೂ ಮುಗಿದಿರಲಿಲ್ಲವಾದರೂ ರಸೀದಿ ತೋರಿಸಬೇಕಾಗಿತ್ತು. ನಾಲ್ಕು ಸಂಜೆ ಹುಡುಕಿದ ಮೇಲೆ 17ನೇ ಡಬ್ಬದಲ್ಲಿ ಲಕೋಟೆ ಸಿಕ್ಕಿತು. ರಸೀದಿಯೂ ಸಿಕ್ಕಿತು, ಆದರೆ ಅದರ ಮೇಲೆ ಒಂದಕ್ಷರವೂ ಇರಲಿಲ್ಲ. ಬಿಲ್ಲಿನ ಯಂತ್ರದಿಂದ ಹೊರಬರುವ ಆ ನುಣುಪಾದ ಕಾಗದಕ್ಕೆ ಶಾಯಿ ತಾಗುವುದೇ ಇಲ್ಲವೆಂಬುದು ನನಗೆ ಆಗ ತಿಳಿಯಿತು. ಕಾಗದಕ್ಕೆ ಬಳಿದಿರುವ ರಾಸಾಯನಿಕ ಲೇಪವು ಬಿಸಿ ತಾಗಿದ ಕಡೆ ಕಪ್ಪಾಗಿ ಅಕ್ಷರ ಮೂಡುತ್ತದೆ. ಬೆಳಕಿಗೆ ಅದು ಮಾಸುತ್ತದೆ, ಮೆದುವಾದ ಪ್ಲಾಸ್ಟಿಕ್ಕಿನ ಲಕೋಟೆಯಲ್ಲಿಟ್ಟರೆ ಪ್ಲಾಸ್ಟಿಕ್ಕನ್ನು ಮೆದುಗೊಳಿಸಲು ಬೆರೆಸಿದ ದ್ರವ್ಯವೇ ಅದನ್ನು ಅಳಿಸಿಬಿಡಬಲ್ಲದು. ಜೋಪಾನ ಮಾಡಿದೆನೆಂದುಕೊಂಡು ನಾನೇ ಅದನ್ನು ಅಳಿಸಿದ್ದೆ. ಪಕ್ಕದಲ್ಲಿದ್ದ ಟಾರ್ಚಿನೊಳಗಿನ ಆಲ್ಕಲೈನ್ ಸೆಲ್ಲುಗಳು ಸೋರಿ, ಅವುಗಳಲ್ಲಿರುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸ್ಪ್ರಿಂಗುಗಳನ್ನು ತಿಂದುಹಾಕಿತ್ತು. ಮೋಟಾರಿಗೆ ಕೊಟ್ಟ ಹಣ 24 ಡಬ್ಬಗಳಿಗೆ ಕೊಟ್ಟದ್ದಕ್ಕಿಂತ ಹೆಚ್ಚಾಯಿತು.

ಅಂದಿನಿಂದ ಭಾನುವಾರಕ್ಕೊಂದರಂತೆ ಡಬ್ಬ ಇಳಿಸಿ ನೆಲದ ಮೇಲೆ ಸುರಿದೆ. ಎರಡೇ ದಿನಗಳಲ್ಲಿ ಇಡೀ ಮನೆಯನ್ನು ಮುಗಿಸುವ ಹಟ ಬೇಡ; ಮೂರನೆಯ ಗಂಟೆಯ ಹೊತ್ತಿಗೆ ಬುದ್ಧಿ ದಣಿದು, ಎಲ್ಲವನ್ನೂ ಇಡುತ್ತೀರಿ, ಇಲ್ಲವೇ ಎಲ್ಲವನ್ನೂ ಎಸೆಯುತ್ತೀರಿ. ಒಂದು ವರ್ಷ ಬಳಸದಿದ್ದರೆ ಎಸೆಯಿರಿ ಎಂಬ ಸೂತ್ರವನ್ನಂತೂ ನಾನು ಒಪ್ಪುವುದಿಲ್ಲ. ಬೆಂಕಿ ಆರಿಸುವ ಸಿಲಿಂಡರನ್ನು ಯಾರೂ ವರ್ಷಕ್ಕೊಮ್ಮೆ ಬಳಸಿ ನೋಡುವುದಿಲ್ಲ. ನನಗೆ ನೆರವಾದದ್ದು ಬೇರೊಂದು ಪ್ರಶ್ನೆ: ಇದು ನನ್ನ ಬಳಿ ಇಲ್ಲದಿದ್ದರೆ ಇಂದು ಹಣ ಕೊಟ್ಟು ತರುತ್ತಿದ್ದೆನೇ? ನಮ್ಮದಾದ ಕೂಡಲೇ ವಸ್ತುವಿನ ಬೆಲೆ ನಮ್ಮ ಕಣ್ಣಿಗೆ ಏರಿಬಿಡುತ್ತದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್, ಅರ್ಥಶಾಸ್ತ್ರಜ್ಞರಾದ ಜ್ಯಾಕ್ ನೆಚ್ ಮತ್ತು ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಮಗ್ಗುಗಳನ್ನು ಕೊಟ್ಟು ವ್ಯಾಪಾರ ಮಾಡಿಸಿದಾಗ, ಮಗ್ಗು ಪಡೆದವರು ಮಾರಲು ಕೇಳಿದ ಬೆಲೆ, ಪಡೆಯದವರು ಕೊಡಲು ಸಿದ್ಧವಿದ್ದ ಬೆಲೆಯ ಸುಮಾರು ಎರಡರಷ್ಟಿತ್ತು. ಕೆಲವೇ ನಿಮಿಷಗಳ ಒಡೆತನಕ್ಕೆ ಹೀಗಾದರೆ, ಹನ್ನೆರಡು ವರ್ಷ ಮನೆಯಲ್ಲಿದ್ದ ಕೇಬಲ್ಲನ್ನು ಬಿಡಲು ನನಗೆ ಸಂಕಟವಾದದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಈ ಪ್ರಶ್ನೆಯನ್ನು ನಿಮ್ಮ ಸ್ವಂತ ವಸ್ತುಗಳಿಗೆ ಮಾತ್ರ ಕೇಳಿಕೊಳ್ಳಿ. ಮನೆಮಂದಿಯ ಸಾಮಾನನ್ನು ಅವರಿಲ್ಲದಾಗ ವಿಂಗಡಿಸುವುದು ಅಚ್ಚುಕಟ್ಟುತನವಲ್ಲ, ಕಳ್ಳತನ. ಹೆಂಡತಿಯ ಮೂರು ಡಬ್ಬಗಳನ್ನು ಆಕೆಯೇ ತೆರೆದಳು, ಹೆಚ್ಚು ಕಡಿಮೆ ಎಲ್ಲವನ್ನೂ ಇಟ್ಟುಕೊಂಡಳು. ಛಾಯಾಚಿತ್ರಗಳು, ಪತ್ರಗಳು ನಿಮ್ಮ ಸರದಿಯಲ್ಲಿ ಎಲ್ಲಕ್ಕಿಂತ ಕೊನೆಗೆ ಬರಲಿ. ಅವುಗಳಿಂದ ಆರಂಭಿಸಿದರೆ ದಿನವಿಡೀ ಓದುತ್ತ ಕುಳಿತುಬಿಡುತ್ತೀರಿ.

ವಾರಂಟಿ ಇರುವ ಬಿಲ್ಲುಗಳನ್ನು ಬಂದ ದಿನವೇ ಫೋಟೋ ತೆಗೆದು, ಜೆರಾಕ್ಸ್ ಮಾಡಿಸಿ, ಕಾಗದದ ಲಕೋಟೆಯಲ್ಲಿಡಿ. ಬಳಸದ ಟಾರ್ಚಿನಿಂದ ಸೆಲ್ಲುಗಳನ್ನು ತೆಗೆದಿಡಿ. ಡಬ್ಬದ ಅಳತೆಯ ಮಾತು ಇನ್ನೂ ಉಳಿದಿದೆ: ವಿಂಗಡಿಸಿದ ಮೇಲೆ ಉಳಿದ ಗುಂಪುಗಳನ್ನು ಒಂದು ತಿಂಗಳು ಹಳೆಯ ರಟ್ಟಿನ ಪೆಟ್ಟಿಗೆಗಳಲ್ಲಿಟ್ಟು ನೋಡಿ, ಯಾವುದನ್ನು ಮತ್ತೆ ಮತ್ತೆ ತೆರೆಯುತ್ತೀರೆಂಬುದು ತಿಳಿದ ಮೇಲೆ, ಆ ಗುಂಪಿನ ಗಾತ್ರಕ್ಕೆ ತಕ್ಕ, ಒಳಗಿರುವುದು ಹೊರಗೆ ಕಾಣುವ ಡಬ್ಬಗಳನ್ನು ತನ್ನಿ. ನನಗೆ ಕೊನೆಗೆ ಬೇಕಾದದ್ದು ಆರು. ಉಳಿದ 18 ಬೂದು ಡಬ್ಬಗಳನ್ನು ತೆಗೆದುಕೊಳ್ಳುವವರು ಸಿಗಲು ಮತ್ತೆ ಎರಡು ತಿಂಗಳು ಬೇಕಾಯಿತು.