ವಿಕಲಚೇತನ ತಮ್ಮನನ್ನು ಅಮೆರಿಕಕ್ಕೆ ಕರೆಸಿಕೊಳ್ಳಬಹುದಾ?

ಗ್ರೀನ್ ಕಾರ್ಡ್ ಅಂದರೇನು, ಪೌರತ್ವ ಹೇಗೆ ಸಿಗುತ್ತದೆ ಅನ್ನೋದನ್ನೆಲ್ಲ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಇಷ್ಟು ವರ್ಷ ಹೊರದೇಶದಲ್ಲಿರುವ ನಿಮಗೆ ಅದು ಗೊತ್ತೇ ಇರುತ್ತದೆ. ಆದರೆ ಒಂದು ಪ್ರಶ್ನೆ ಮಾತ್ರ ಊರು, ವಯಸ್ಸು ಬದಲಾಗಿ ಮತ್ತೆ ಮತ್ತೆ ಬರುತ್ತಿದೆ. ಪ್ರತಿ ಸಲವೂ ಅದರ ಜೊತೆ ಯಾರೋ ಏಜೆಂಟ್ ಹೇಳಿದ ಒಂದು ಸುಳ್ಳೂ ಬರುತ್ತದೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಎರಡು ವರ್ಷದ ಹಿಂದೆ ಅಮೆರಿಕದ ಪೌರತ್ವ ಸಿಕ್ಕಿತು. ತಮ್ಮನಿಗೆ 36 ವರ್ಷ, ಡೌನ್ ಸಿಂಡ್ರೋಮ್ ಇದೆ, ಮೈಸೂರಿನಲ್ಲಿ ಅಮ್ಮನ ಜೊತೆ ಇದ್ದಾನೆ. ಹೋದ ವರ್ಷ ಅಪ್ಪ ತೀರಿಕೊಂಡರು. ಅಮ್ಮನಿಗೆ 68. ಅಮ್ಮನ ಅರ್ಜಿಯಲ್ಲೇ ತಮ್ಮನನ್ನು ಡಿಪೆಂಡೆಂಟ್ ಅಂತ ಸೇರಿಸಿ ಇಬ್ಬರನ್ನೂ ಒಟ್ಟಿಗೆ ಕರೆಸಬಹುದು, ವಿಕಲಚೇತನರಿಗೆ ವಯಸ್ಸಿನ ಮಿತಿ ಇಲ್ಲ ಅಂತ ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಮೂರು ಲಕ್ಷ ಕೇಳಿದ್ದಾರೆ. ನಿಜವೇ?

ಸುಳ್ಳು. ದುಡ್ಡು ಕೊಡಬೇಡಿ. ಕೊಟ್ಟಿದ್ದರೆ ಇವತ್ತೇ ವಾಪಸ್ ಕೇಳಿ.

ಅಮೆರಿಕದ ಪ್ರಜೆ ತನ್ನ ತಾಯಿಗೆ ಹಾಕುವ ಅರ್ಜಿಯಲ್ಲಿ ಬೇರೆ ಯಾರ ಹೆಸರನ್ನೂ ಸೇರಿಸಲು ಬರುವುದಿಲ್ಲ. 36 ವರ್ಷದ ಮಗ ಹಾಗಿರಲಿ, ಆರು ವರ್ಷದ ಮಗುವಿದ್ದರೂ ಆಗುವುದಿಲ್ಲ. ಇನ್ನು ವಯಸ್ಸಿನ ಮಾತು. ಅಲ್ಲಿನ ವಲಸೆ ಕಾನೂನಿನಲ್ಲಿ 21 ತುಂಬಿದ ಮೇಲೆ ಮಗು ಮಗುವಲ್ಲ. ತಾನೇ ಊಟ ಮಾಡಲು ಬಾರದಿದ್ದರೂ, ತಾಯಿ ಪಕ್ಕದಲ್ಲಿಲ್ಲದೆ ನಿದ್ದೆ ಹೋಗದಿದ್ದರೂ ಇದಕ್ಕೆ ವಿನಾಯಿತಿ ಇಲ್ಲ. ವಿಕಲಚೇತನ ಮಗನಿಗೆ ವಯಸ್ಸಿನ ವಿನಾಯಿತಿ ಇರುವುದು ಕೆನಡಾದಲ್ಲಿ, ಅದೂ ಷರತ್ತಿನ ಮೇಲೆ. ಎಲ್ಲೋ ಕೆನಡಾ ವಿಷಯ ಓದಿಕೊಂಡು ಅಮೆರಿಕದ್ದು ಅಂತ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಇವರಿಂದ ಮನೆಗಳು ಕಳೆದುಕೊಳ್ಳುವುದು ದುಡ್ಡು ಮಾತ್ರ ಅಲ್ಲ, ವರ್ಷಗಳನ್ನು. ನನಗೆ ಸಿಟ್ಟು ಬರುವುದು ಅದಕ್ಕೇ.

ನಿಜವಾಗಿ ಇರುವುದು ಎರಡು ಸಾಲು. ಒಂದು ನಿಮ್ಮ ಹೆಸರಿನಲ್ಲಿ, ಇನ್ನೊಂದು ಅಮ್ಮನ ಹೆಸರಿನಲ್ಲಿ.

ನಿಮ್ಮ ಹೆಸರಿನದು ಎಫ್4, ಒಡಹುಟ್ಟಿದವರ ಸಾಲು. ಪ್ರಜೆ ಮಾತ್ರ ಹಾಕಬಹುದು, ಗ್ರೀನ್ ಕಾರ್ಡ್ ಇದ್ದವರಿಗೆ ಬರುವುದಿಲ್ಲ. ಇಡೀ ಪ್ರಪಂಚಕ್ಕೆ ವರ್ಷಕ್ಕೆ 65,000 ವೀಸಾ, ಅದರಲ್ಲಿ ಒಂದೊಂದು ದೇಶಕ್ಕೂ ಮಿತಿ ಇದೆ. 2025ರಲ್ಲಿ ಭಾರತದವರಲ್ಲಿ 2006ರಲ್ಲಿ ಅರ್ಜಿ ಹಾಕಿದವರ ಸರದಿ ನಡೆಯುತ್ತಿತ್ತು. ಅಂದರೆ ನೀವು ಇವತ್ತು ಹಾಕಿದರೆ ಇಪ್ಪತ್ತು ವರ್ಷಕ್ಕೆ ಕಡಿಮೆ ಇಲ್ಲ. ತಮ್ಮನಿಗೆ ಆಗ ಐವತ್ತೈದು ದಾಟಿರುತ್ತದೆ.

ಎರಡನೆಯದು ಅಮ್ಮನ ಮೂಲಕ. ನೀವು ಅಮ್ಮನಿಗೆ ಅರ್ಜಿ ಹಾಕುತ್ತೀರಿ. ಅದಕ್ಕೆ ಕೋಟಾ ಇಲ್ಲ, ಸಾಲೂ ಇಲ್ಲ. ಅಮ್ಮನಿಗೆ ಗ್ರೀನ್ ಕಾರ್ಡ್ ಬಂದ ಮೇಲೆ ಅವರು ತಮ್ಮ ಮದುವೆಯಾಗದ ಮಗನಿಗೆ ಎಫ್2ಬಿ ಅರ್ಜಿ ಹಾಕುತ್ತಾರೆ. ಈ ಸಾಲಿನಲ್ಲಿ ಭಾರತದವರಿಗೆ ಬೇರೆ ದೊಡ್ಡ ಸರದಿ ಇಲ್ಲ, ಈಗ ಸುಮಾರು ಎಂಟೊಂಬತ್ತು ವರ್ಷ ಆಗುತ್ತಿದೆ. ಇಪ್ಪತ್ತರ ಮುಂದೆ ಒಂಬತ್ತು ದೊಡ್ಡ ವ್ಯತ್ಯಾಸವೇ. ಒಂದು ಎಚ್ಚರಿಕೆ: ಅಮ್ಮ ಗ್ರೀನ್ ಕಾರ್ಡಿನಲ್ಲಿರುವಾಗ ಅವನಿಗೆ ಮದುವೆ ಮಾಡಿದರೆ ಈ ಅರ್ಜಿ ಅಲ್ಲಿಗೇ ಮುಗಿಯಿತು. "ಮದುವೆಯಾದರೆ ಸರಿಹೋಗ್ತಾನೆ, ನೋಡಿಕೊಳ್ಳಲು ಒಬ್ಬಳು ಸಿಗ್ತಾಳೆ" ಅನ್ನುವ ಬಂಧುಗಳು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರ ಮಾತು ಕೇಳಬೇಡಿ. ವೀಸಾ ವಿಷಯಕ್ಕೆ ಮಾತ್ರ ಹೇಳುತ್ತಿಲ್ಲ, ಆ ಹುಡುಗಿಯ ಬಾಳಿನ ವಿಷಯವೂ ಹೌದು.

ಇಷ್ಟು ಹೇಳಿದರೆ ಎಲ್ಲರೂ "ಹಾಗಾದರೆ ಎರಡನೇದೇ ಮಾಡೋಣ" ಅನ್ನುತ್ತಾರೆ. ಆಗ ನಾನು ಒಂದೇ ಮಾತು ಕೇಳುತ್ತೇನೆ. ಆ ಒಂಬತ್ತು ವರ್ಷ ರಾತ್ರಿ ಅವನ ಜೊತೆ ಅದೇ ಮನೆಯಲ್ಲಿ ಮಲಗುವವರು ಯಾರು?

ಯಾಕೆಂದರೆ ಗ್ರೀನ್ ಕಾರ್ಡ್ ತೆಗೆದುಕೊಂಡು ಬೀರುವಿನಲ್ಲಿ ಇಟ್ಟು ಅಮ್ಮ ಮೈಸೂರಿನಲ್ಲೇ ಇರಲು ಆಗುವುದಿಲ್ಲ. ಅಮೆರಿಕವೇ ತಮ್ಮ ಮನೆ ಅಂತ ಅವರು ತೋರಿಸಬೇಕು. ಆರು ತಿಂಗಳು ದಾಟಿ ಹೊರಗಿದ್ದರೆ ವಿಮಾನ ನಿಲ್ದಾಣದಲ್ಲಿ ಪ್ರಶ್ನೆ ಶುರುವಾಗುತ್ತದೆ, ರೀಎಂಟ್ರಿ ಪರ್ಮಿಟ್ (ಹೆಚ್ಚು ಕಾಲ ಹೊರಗಿದ್ದು ಮರಳಲು ಮೊದಲೇ ಪಡೆಯುವ ಅನುಮತಿ) ಇಲ್ಲದೆ ಒಂದು ವರ್ಷ ದಾಟಿದರೆ ಕಾರ್ಡೇ ಕೈತಪ್ಪಬಹುದು. ಆ ಪರ್ಮಿಟ್ಟಿಗೆ ಅಮೆರಿಕದಲ್ಲಿ ಇರುವಾಗಲೇ ಅರ್ಜಿ ಹಾಕಬೇಕು, ಸಿಗುವುದು ಹೆಚ್ಚೆಂದರೆ ಎರಡು ವರ್ಷಕ್ಕೆ. ಅಮ್ಮನ ಕಾರ್ಡ್ ಹೋದರೆ ಮಗನ ಅರ್ಜಿಯೂ ಹೋಯಿತು. ಅಮ್ಮ ಅಲ್ಲಿ ಐದು ವರ್ಷ ಸರಿಯಾಗಿ ಇದ್ದು ಪೌರತ್ವ ಪಡೆದರೆ ಈ ಓಡಾಟದ ಭಯ ತಪ್ಪುತ್ತದೆ. ಆಗ ಮಗನ ಅರ್ಜಿ ಎಫ್1 ಸಾಲಿಗೆ, ಅಂದರೆ ಪ್ರಜೆಗಳ ಮದುವೆಯಾಗದ ವಯಸ್ಕ ಮಕ್ಕಳ ಸಾಲಿಗೆ ಹೋಗುತ್ತದೆ. ಆ ಸಾಲು ನಿಧಾನ ಅನ್ನಿಸಿದರೆ ಎಫ್2ಬಿಯಲ್ಲೇ ಇರುತ್ತೇವೆ ಅಂತ ಬರೆದುಕೊಡಲೂ ಬರುತ್ತದೆ. ಆದರೆ ಆ ಐದು ವರ್ಷ ಮೈಸೂರಿನ ಮನೆಯಲ್ಲಿ ಇರುವವರು ಯಾರು? ವರ್ಷದಲ್ಲಿ ಐದಾರು ತಿಂಗಳು ನೀವು ಬಂದು ಇರುತ್ತೀರಾ? ನಂಬಿಕೆಯ ಚಿಕ್ಕಮ್ಮ ಇದ್ದಾರಾ? ಅವನಿಗೆ ಹೊಂದುವ, ನೀವು ಕಣ್ಣಾರೆ ನೋಡಿ ಬಂದ ವಸತಿ ಕೇಂದ್ರ ಇದೆಯಾ? ಇದಕ್ಕೆ ಹೆಸರು ಹಿಡಿದು ಉತ್ತರ ಹೇಳುವವರೆಗೆ ಯಾವ ತಾಯಿಗೂ ವಿಮಾನ ಹತ್ತಿ ಅಂತ ನಾನು ಹೇಳುವುದಿಲ್ಲ. ಇದು ಕಾನೂನಿನ ಸಲಹೆ ಅಲ್ಲ, ನನ್ನ ಸಲಹೆ.

ಇದರ ಹಿಂದೆ ಒಂದು ಕಾರಣ ಇದೆ. ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಮಗನ ಜೊತೆ ನನ್ನ ಕಚೇರಿಗೆ ಬರುತ್ತಿದ್ದರು. ಮಗನಿಗೆ ನಲವತ್ತರ ಹತ್ತಿರ. ಕೈಯಲ್ಲಿ ಯಾವಾಗಲೂ ಒಂದು ಸ್ಟೀಲ್ ಡಬ್ಬಿ, ಅದರಲ್ಲಿ ಕೋಡುಬಳೆ. ನಾವು ಮಾತಾಡುವಷ್ಟು ಹೊತ್ತೂ ಮುಚ್ಚಳ ತೆಗೆದು ಎಣಿಸುತ್ತಿದ್ದ, ಒಂದನ್ನು ಅಮ್ಮನ ಕೈಗೆ ಇಟ್ಟು ಮತ್ತೆ ಎಣಿಸುತ್ತಿದ್ದ. ಆ ತಾಯಿಯ ಎಫ್2ಬಿ ಅರ್ಜಿ ಮಂಜೂರಾಗಿ ಸಾಲಿನಲ್ಲಿತ್ತು. ಸರದಿಗೆ ಇನ್ನೊಂದೂವರೆ ವರ್ಷ ಇದೆ ಅನ್ನುವಾಗ ಅವರು ಹೋಗಿಬಿಟ್ಟರು. ಅರ್ಜಿ ಹಾಕಿದವರು ತೀರಿಕೊಂಡರೆ ಅರ್ಜಿ ತಾನಾಗಿ ರದ್ದಾಗುತ್ತದೆ. ಮಂಜೂರಾಗಿದ್ದ ಅರ್ಜಿಯನ್ನು ಮಾನವೀಯ ಕಾರಣಕ್ಕೆ ಮತ್ತೆ ಜೀವಂತ ಮಾಡಿ ಅಂತ ಕೇಳಿಕೊಳ್ಳಬಹುದು, ಮಾಡುವುದು ಬಿಡುವುದು ಅಲ್ಲಿನ ವಲಸೆ ಇಲಾಖೆಗೆ ಬಿಟ್ಟದ್ದು. ಕೇಳಿಕೊಂಡೆವು, ಒಪ್ಪಿಗೆ ಬರಲಿಲ್ಲ. ಆ ಮಗನ ಅಕ್ಕ ಅಮೆರಿಕದ ಪ್ರಜೆಯಾಗಿ ಹನ್ನೊಂದು ವರ್ಷ ಆಗಿತ್ತು. "ಇಪ್ಪತ್ತು ವರ್ಷ ಯಾರು ಕಾಯ್ತಾರೆ" ಅಂತ ಅವರು ಎಫ್4 ಹಾಕಿಯೇ ಇರಲಿಲ್ಲ. ಹಾಕಿದ್ದರೆ ಹನ್ನೊಂದು ವರ್ಷ ಸವೆದಿರುತ್ತಿತ್ತು.

ಅದಕ್ಕೇ ಹೇಳುವುದು, ಎರಡನ್ನೂ ಹಾಕಿ. ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಎಫ್4ಗೆ ಬೇಕಾದ ಐ-130 ಫಾರ್ಮನ್ನು ಆನ್‌ಲೈನಿನಲ್ಲಿ ಹಾಕಿದರೆ 625 ಡಾಲರ್. ಆ ಏಜೆಂಟ್ ಕೇಳಿದ ಮೂರು ಲಕ್ಷದಲ್ಲಿ ಇಂಥ ಹಲವು ಅರ್ಜಿ ಹಾಕಬಹುದು. ಇಬ್ಬರ ಜನನ ಪ್ರಮಾಣಪತ್ರದಲ್ಲೂ ಅಮ್ಮನ ಹೆಸರು ಒಂದೇ ಇರಬೇಕು. ನಿಮ್ಮದರಲ್ಲಿ ಸರೋಜ, ಅವನದರಲ್ಲಿ ಸರೋಜಮ್ಮ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇನಿಷಿಯಲ್. ನಮ್ಮ ಕಡೆ ಇದು ಮಾಮೂಲಿ, ಆದರೆ ಅಲ್ಲಿಯವರಿಗೆ ಮೂವರು ಬೇರೆ ಬೇರೆ ಹೆಂಗಸರು. ಜನನ ನೋಂದಣಿ ಆಗಿಲ್ಲದಿದ್ದರೆ, ದಾಖಲೆ ಲಭ್ಯವಿಲ್ಲ ಅನ್ನುವ ಪತ್ರ ಮತ್ತು ಹಿರಿಯರ ಅಫಿಡವಿಟ್ ಈಗಲೇ ಮಾಡಿಸಿಡಿ. ಹುಟ್ಟಿದಾಗ ಕಂಡ ಹಿರಿಯರು ಕಾಯುತ್ತಾ ಕೂರುವುದಿಲ್ಲ ಅಲ್ವಾ?

ಡೌನ್ ಸಿಂಡ್ರೋಮ್ ಇದ್ದರೆ ವೀಸಾ ಕೊಡುವುದೇ ಇಲ್ಲ ಅನ್ನುವುದು ಇನ್ನೊಂದು ಪುಕಾರು. ಹಿಂದೆ ಹಾಗೇ ಇತ್ತು, 1990ರ ಕಾನೂನಿನಲ್ಲಿ ಅದನ್ನು ತೆಗೆದರು. ಈಗ ವೈದ್ಯಕೀಯ ತಪಾಸಣೆಯಲ್ಲಿ ನೋಡುವುದು ಕೆಲವು ಸಾಂಕ್ರಾಮಿಕ ರೋಗ, ಲಸಿಕೆ, ಮಾದಕ ವ್ಯಸನ ಮತ್ತು ತನಗೋ ಬೇರೆಯವರಿಗೋ ಅಪಾಯ ಮಾಡುವ ನಡವಳಿಕೆ. ಆದ್ದರಿಂದ "ಮೆಡಿಕಲ್ ಪಾಸ್ ಮಾಡಿಸಿಕೊಡ್ತೀವಿ" ಅನ್ನುವವರ ಹತ್ತಿರ ಸುಳಿಯಬೇಡಿ, ಅವನ ಸ್ಥಿತಿಯನ್ನು ಯಾವ ಫಾರ್ಮಿನಲ್ಲೂ ಮುಚ್ಚಿಡಬೇಡಿ. ನಿಜವಾದ ತೊಡಕು ದುಡ್ಡಿನದು. ಅವನು ಸರ್ಕಾರಕ್ಕೆ ಹೊರೆಯಾಗುತ್ತಾನಾ ಅಂತ ಅಧಿಕಾರಿ ತೂಗಿ ನೋಡುತ್ತಾರೆ. ಅಮ್ಮನಿಗೆ ಆದಾಯ ಇಲ್ಲದ ಕಾರಣ ನೀವು ಜಂಟಿ ಪ್ರಾಯೋಜಕಿಯಾಗಿ ಐ-864ಕ್ಕೆ, ಅಂದರೆ ಅವನ ಖರ್ಚಿಗೆ ನಾನು ಹೊಣೆ ಅನ್ನುವ ಫಾರ್ಮಿಗೆ, ಸಹಿ ಹಾಕಬೇಕಾಗುತ್ತದೆ. ಬಡತನ ರೇಖೆಯ ಶೇ. 125ರಷ್ಟು ಆದಾಯ ಸಾಕು ಅಂತ ಕಾನೂನು ಹೇಳುತ್ತದೆ, ನಾನು ಸಾಲದು ಅನ್ನುತ್ತೇನೆ. ಬಂದ ಮೇಲೆ ಮೆಡಿಕೈಡ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ) ಸಾಮಾನ್ಯವಾಗಿ ಐದು ವರ್ಷ ಸಿಗುವುದಿಲ್ಲ. ವಿಮೆ, ಥೆರಪಿ, ಹಗಲು ನೋಡಿಕೊಳ್ಳುವವರ ಸಂಬಳ ಎಲ್ಲವೂ ನಿಮ್ಮ ಕೈಯಿಂದ. ಆ ಸಹಿ ನಿಮ್ಮನ್ನು ಬಹಳ ವರ್ಷ ಕಟ್ಟಿಹಾಕುತ್ತದೆ. ನಿಮ್ಮ ಯಜಮಾನರಿಗೂ ಇದು ಗೊತ್ತಿರಲಿ, ಕೂತು ಮಾತಾಡಿ.

ಕೊನೆಗೆ, ಯಾರೂ ಕೇಳದ ಆದರೆ ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ. ಹದಿನೆಂಟು ತುಂಬಿದ ಮಗನಿಗೆ ಅಮ್ಮ ತಾನಾಗಿ ಕಾನೂನುಬದ್ಧ ಪೋಷಕರಾಗುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗೆ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು ನೇಮಿಸುತ್ತದೆ. ಆ ಪೋಷಕರು ಭಾರತದ ಪ್ರಜೆ ಆಗಿರಬೇಕು. ನೀವು ಈಗ ಭಾರತದ ಪ್ರಜೆ ಅಲ್ಲ, ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ದರೂ ಅಲ್ಲ. ಅಂದರೆ ಅಮ್ಮನ ನಂತರ ಯಾರು ಅನ್ನುವುದನ್ನು ಅಮ್ಮ ಇರುವಾಗಲೇ ಕೂತು ತೀರ್ಮಾನ ಮಾಡಬೇಕು. ಅಪ್ಪ ಸರ್ಕಾರಿ ನೌಕರಿಯಲ್ಲಿದ್ದರೆ ಅಮ್ಮನ ನಂತರ ದುಡಿಯಲಾಗದ ಮಗನಿಗೆ ಕುಟುಂಬ ಪಿಂಚಣಿ ಬರುತ್ತದೆ, ಅದಕ್ಕೂ ಯುಡಿಐಡಿ ಕಾರ್ಡು (ವಿಕಲಚೇತನರ ಗುರುತಿನ ಚೀಟಿ) ಮತ್ತು ಪೋಷಕತ್ವದ ಪತ್ರ ಈಗಲೇ ಕೈಯಲ್ಲಿರುವುದು ಒಳ್ಳೆಯದು. ನಾಳೆ ವೀಸಾ ಅರ್ಜಿಗೆ ಅವನ ಪರವಾಗಿ ಸಹಿ ಹಾಕುವವರು ಯಾರು ಅನ್ನುವ ಪ್ರಶ್ನೆ ಬಂದಾಗಲೂ ಅದೇ ಪತ್ರ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಸುಮ್ನೆ ಟೂರಿಸ್ಟ್ ವೀಸಾದಲ್ಲಿ ಕರೆದುಕೊಂಡು ಬಂದು ಇಟ್ಟುಕೊಂಡರೆ? ಅವನನ್ನು ಯಾರು ಕೇಳುತ್ತಾರೆ?

ಕೇಳುತ್ತಾರೆ. 180 ದಿನ ಮೀರಿ ಅಕ್ರಮವಾಗಿದ್ದು ಹೊರಟರೆ ಮೂರು ವರ್ಷ, ಒಂದು ವರ್ಷ ಮೀರಿದರೆ ಹತ್ತು ವರ್ಷ ವಾಪಸ್ ಬರುವಂತಿಲ್ಲ. ಹದಿನೆಂಟು ತುಂಬಿದವರಿಗೆ ವೈಕಲ್ಯದ ವಿನಾಯಿತಿ ಇಲ್ಲ. ಮೇಲೆ ಹೇಳಿದ ಎರಡೂ ಸಾಲನ್ನು ನಿಮ್ಮ ಕೈಯಾರೆ ಹಾಳು ಮಾಡಿದಂತೆ.

ಪ್ರಶ್ನೆ: ನಾನು ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾದಲ್ಲಿದ್ದೇನೆ. ಆಟಿಸಂ ಇರುವ ಮಗನಿಗೆ ಮುಂದಿನ ವರ್ಷ 21. ಅವನ ಎಚ್-4 (ಅವಲಂಬಿತರ ವೀಸಾ) ಮುಂದುವರಿಯುತ್ತದಾ?

ಇಲ್ಲ. ನಿಮ್ಮ ಗ್ರೀನ್ ಕಾರ್ಡಿನ ಜೊತೆ ಅವನಿಗೂ ಸಿಗಬಹುದಾ ಅಂತ ತಿಳಿಯಲು, ನಿಮ್ಮ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಎಷ್ಟು ದಿನ ಬಾಕಿ ಇತ್ತು, ಅದನ್ನು ಕಳೆದರೆ ಅವನ ವಯಸ್ಸು ಎಷ್ಟಾಗುತ್ತದೆ ಅಂತ ವಕೀಲರ ಹತ್ತಿರ ಈ ತಿಂಗಳೇ ಲೆಕ್ಕ ಹಾಕಿಸಿ. ಹುಟ್ಟುಹಬ್ಬ ಮುಗಿದ ಮೇಲೆ ಬರಬೇಡಿ.

ಪ್ರಶ್ನೆ: ಕೆನಡಾಕ್ಕೆ ಅಪ್ಪ ಅಮ್ಮನ ಅರ್ಜಿ ಹಾಕುತ್ತಿದ್ದೇವೆ. ವಿಕಲಚೇತನ ತಂಗಿಯ ಹೆಸರು ಬರೆಯಬೇಡಿ, ಬರೆದರೆ ಎಲ್ಲರದ್ದೂ ಹೋಗುತ್ತದೆ ಅಂತ ಏಜೆಂಟ್ ಹೇಳಿದರು.

ಆ ಏಜೆಂಟನ್ನು ಬಿಡಿ. ತಂಗಿಯ ಚಿಕಿತ್ಸೆಯ ಖರ್ಚು ಮಿತಿ ಮೀರಿದರೆ ಅಪ್ಪ ಅಮ್ಮನ ಅರ್ಜಿಗೂ ಪೆಟ್ಟು ಬೀಳುತ್ತದೆ ಅನ್ನುವುದು ನಿಜವೇ. ಆದರೆ ಹೆಸರು ಮುಚ್ಚಿಟ್ಟರೆ ಅದು ಸುಳ್ಳು ಹೇಳಿಕೆ, ಐದು ವರ್ಷ ನಿಷೇಧ. ಅಷ್ಟೇ ಅಲ್ಲ, ಆಗ ತೋರಿಸದ ಮಗಳನ್ನು ಮುಂದೆ ಕುಟುಂಬ ವರ್ಗದಲ್ಲಿ ಕರೆಸಲು ಅಪ್ಪ ಅಮ್ಮನಿಗೆ ಸಾಮಾನ್ಯವಾಗಿ ದಾರಿಯೇ ಉಳಿಯುವುದಿಲ್ಲ. ಮಿತಿಯೂ ನೀವು ಹೆದರುವಷ್ಟು ಚಿಕ್ಕದಲ್ಲ. 2018ರಲ್ಲಿ ಅದನ್ನು ಮೂರು ಪಟ್ಟು ಮಾಡಿದರು. 2024ರಲ್ಲಿ ಐದು ವರ್ಷಕ್ಕೆ 1,31,100 ಕೆನಡಾ ಡಾಲರ್ ಇತ್ತು. ವಿಶೇಷ ಶಿಕ್ಷಣದ ಖರ್ಚನ್ನು ಈಗ ಲೆಕ್ಕಕ್ಕೇ ಹಿಡಿಯುವುದಿಲ್ಲ. ಡೌನ್ ಸಿಂಡ್ರೋಮ್, ಆಟಿಸಂ ಇರುವ ಎಷ್ಟೋ ಮಂದಿಯ ಖರ್ಚು ಇದರೊಳಗೇ ಬರುತ್ತದೆ. 22ಕ್ಕೆ ಮೊದಲಿನಿಂದಲೂ ಆಕೆ ಪೋಷಕರನ್ನೇ ಅವಲಂಬಿಸಿದ್ದಾಳೆ ಅನ್ನುವುದಕ್ಕೆ ಹಳೆಯ ವೈದ್ಯರ ಚೀಟಿ, ಶಾಲೆಯ ಪತ್ರ ಎಲ್ಲ ಹುಡುಕಿ ತೆಗೆಯಿರಿ.

ಪ್ರಶ್ನೆ: ಅಣ್ಣನನ್ನು ನಾನೇ ದತ್ತು ತೆಗೆದುಕೊಂಡರೆ ಅಮೆರಿಕದ ವೀಸಾ ಸಿಗುತ್ತದಾ?

ಇಲ್ಲ. ದತ್ತು 16 ತುಂಬುವ ಮೊದಲು ಆಗಿರಬೇಕು.

ಪ್ರಶ್ನೆ: ಅವನನ್ನು ಬಿಟ್ಟು ಒಂದು ದಿನವೂ ಬರಲ್ಲ ಅಂತ ಅಮ್ಮ ಹಟ ಹಿಡಿದಿದ್ದಾರೆ. ಹೇಗೆ ಒಪ್ಪಿಸಲಿ?

ಒಪ್ಪಿಸಬೇಡಿ. ಅದು ಹಟ ಅಲ್ಲ, ಅವರಿಗೆ ಅವನ ರಾತ್ರಿಗಳು ಗೊತ್ತು. ಎಫ್4ಗೆ ಅಮ್ಮನ ಒಪ್ಪಿಗೆ ಬೇಕಿಲ್ಲ, ಅದನ್ನು ಈ ವಾರ ಹಾಕಿ. ಮುಂದಿನ ರಜೆಗೆ ಊರಿಗೆ ಬಂದಾಗ ಮದುವೆ ಮನೆಗಳಿಗೆ ಓಡಾಡುವ ಮೊದಲು ಅಮ್ಮನನ್ನೂ ಅವನನ್ನೂ ಕರೆದುಕೊಂಡು ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಪೋಷಕತ್ವದ ಅರ್ಜಿ ಕೊಡಿ. ಅವನ ಹೆಸರಿನ ಪಾಸ್‌ಪೋರ್ಟನ್ನೂ ಮಾಡಿಸಿ. ಫೋಟೋ ತೆಗೆಸುವ ದಿನ ಅವನಿಗೆ ಇಷ್ಟವಾದ ಶರ್ಟೇ ಹಾಕಲಿ.