ಪ್ರತಿಕ್ರಿಯೆ: ಸಯನೈಡ್ ಮೋಹನ್ ಪ್ರಕರಣ ಮತ್ತು ಬಡತನದ ವಾದ

ಬಡತನವೇ ಅಪರಾಧದ ಬೇರಾಗಿದ್ದರೆ, ಸಂಬಳವಿದ್ದ ಶಾಲಾ ಶಿಕ್ಷಕ ಮೋಹನ್ ಕುಮಾರ್ ಸರಣಿ ಕೊಲೆಗಾರನಾದದ್ದು ಹೇಗೆಂದು ತಾವು ಕೇಳಿದ್ದೀರಿ. ಈ ಪ್ರಕರಣದಲ್ಲಿ ಬಡತನವನ್ನು ಹುಡುಕಬೇಕಾದದ್ದು ಕೊಲೆಯಾದವರ ಮನೆಗಳಲ್ಲಿ ಎಂಬುದು ನನ್ನ ಅಭಿಪ್ರಾಯ.

ದಕ್ಷಿಣ ಕನ್ನಡದ ಈತ 2009ರಲ್ಲಿ ಬಂಧನವಾಗುವವರೆಗೆ, ವರದಕ್ಷಿಣೆ ಹೊಂದಿಸಲಾಗದ ಬಡ ಕುಟುಂಬಗಳ ಯುವತಿಯರಿಗೆ ಮದುವೆಯ ಭರವಸೆ ನೀಡಿ, ದೂರದ ಊರಿನ ವಸತಿಗೃಹಕ್ಕೆ ಕರೆದೊಯ್ದು, ಮರುದಿನ ಒಡವೆಗಳನ್ನು ಕೋಣೆಯಲ್ಲೇ ಬಿಚ್ಚಿಡಿಸಿ, ಗರ್ಭನಿರೋಧಕ ಮಾತ್ರೆಯೆಂದು ನಂಬಿಸಿ ಸಯನೈಡ್ ನೀಡುತ್ತಿದ್ದ. ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಸಿಕ್ಕ ಶವಗಳು ಬೇರೆ ಬೇರೆ ಠಾಣೆಗಳಲ್ಲಿ ಬಿಡಿಬಿಡಿಯಾಗಿ ದಾಖಲಾದವು. ಮಗಳು ಓಡಿಹೋದಳೆಂಬ ಮಾತಿಗೆ ಅಂಜಿದ ಎಷ್ಟೋ ಮನೆಯವರು ದೂರು ಕೊಡಲು ಮುಂದಾಗಲಿಲ್ಲ.

ಅಪರಾಧವೊಂದು ನಡೆಯಲು ಅದಕ್ಕೆ ಪ್ರೇರಿತ ವ್ಯಕ್ತಿ, ಸುಲಭದ ಗುರಿ, ಕಾವಲಿನ ಅಭಾವ ಈ ಮೂರೂ ಒಂದೆಡೆ ಕೂಡಬೇಕು ಎಂದು 1979ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ ವಾದಿಸಿದ್ದರು. ಮೊದಲನೆಯದನ್ನು, ಅಂದರೆ ಆತನ ಕ್ರೌರ್ಯವನ್ನು, ಸಮಾಜಶಾಸ್ತ್ರ ಪೂರ್ತಿಯಾಗಿ ವಿವರಿಸಲಾರದು (ಮನಃಶಾಸ್ತ್ರವೂ ವಿವರಿಸೀತೆಂಬ ನಂಬಿಕೆ ನನಗಿಲ್ಲ). ಉಳಿದೆರಡನ್ನು ಮಾತ್ರ ವರದಕ್ಷಿಣೆಯ ಪದ್ಧತಿ ಮತ್ತು ಮರ್ಯಾದೆಯ ಭಯ ಅವನ ಕೈಗೇ ತಂದುಕೊಟ್ಟಿದ್ದವು. ಶಿಕ್ಷಕನೆಂಬ ಗೌರವವೂ ಇಲ್ಲಿ ತಡೆಯಾಗಲಿಲ್ಲ. ಸರ್ಕಾರಿ ನೌಕರಿಯಲ್ಲಿರುವ ವರನೆಂದರೆ ಬಡ ಮನೆಗಳಲ್ಲಿ ಯಾರೂ ಹೆಚ್ಚು ವಿಚಾರಿಸುವುದಿಲ್ಲ.